ಹುಣಿಸೆ ಮರದ ಸಾಕ್ಷಿ: ಅಪಘಾತ ಪರಿಹಾರದ ಕಾನೂನು ನಡೆದುಬಂದ ದಾರಿ

ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ನಮ್ಮ ಕನ್ನಡ ಮನೆತನಗಳಲ್ಲಿ ಹರಕೆ ತೀರಿಸಲು ಪಳನಿಗೆ ಹೋಗದವರು ವಿರಳ. ಆ ಪಳನಿಯಿಂದ ಉತ್ತರಕ್ಕೆ ಧಾರಾಪುರದತ್ತ ಒಂದು ರಸ್ತೆ ಸಾಗುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುತಿಂಗಳು, 1947ರ ಸೆಪ್ಟೆಂಬರಿನಲ್ಲಿ, ಆ ಮಾರ್ಗದಲ್ಲಿ ಪ್ರಯಾಣಿಕರನ್ನು ಹೊತ್ತ ಬಸ್ಸೊಂದು ರಸ್ತೆಯ ತಪ್ಪು ಬದಿಗೆ ಸರಿದು ಚರಂಡಿಯ ಅಂಚಿನ ಕಲ್ಲನ್ನು ಕಿತ್ತೊಗೆಯಿತು. ಅಲ್ಲಿಂದ ಇಪ್ಪತ್ತೈದು ಅಡಿ ದೂರದಲ್ಲಿದ್ದ ಹುಣಿಸೆ ಮರಕ್ಕೆ ಅಪ್ಪಳಿಸಿ, ಅದರ ತೊಗಟೆ ಸುಲಿದು, ಇನ್ನೂ ಸ್ವಲ್ಪ ದೂರ ಹೋಗಿ ನಿಂತಿತು. ಗಾಯಗೊಂಡವರಲ್ಲಿ ಒಬ್ಬರು ಮೂರು ದಿನಗಳ ಅನಂತರ ತೀರಿಕೊಂಡರು. ಅವರಿಗೆ ವೃದ್ಧ ತಂದೆ, ಹೆಂಡತಿ, ಮಕ್ಕಳು ಇದ್ದರು.

ಅಂದಿನ ಕಾಲದಲ್ಲಿ ಇಂಥ ಸಾವನ್ನು ಹಣೆಬರಹವೆಂದು ಒಪ್ಪಿಕೊಂಡು ಸುಮ್ಮನಾಗುವುದೇ ರೂಢಿಯಾಗಿತ್ತು. ಆ ಕುಟುಂಬ ಸುಮ್ಮನಾಗಲಿಲ್ಲ. ಬಸ್ಸಿನ ಕಂಪನಿಯ ಮೇಲೆ ದಾವೆ ಹೂಡಿತು. ‘ಗೋಬಾಲ್ಡ್ ಮೋಟಾರ್ ಸರ್ವಿಸ್ ಪ್ರಕರಣ’ ಎಂದು ಇಂದಿಗೂ ವಕೀಲರು ಉಲ್ಲೇಖಿಸುವ ಆ ವ್ಯಾಜ್ಯ ಮದರಾಸು ಹೈಕೋರ್ಟನ್ನು ದಾಟಿ ದಿಲ್ಲಿಯವರೆಗೂ ಹೋಯಿತು. 1961ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸುಬ್ಬರಾವ್ ಅವರು ತೀರ್ಪು ಬರೆದರು. 1962ರ ಆಲ್ ಇಂಡಿಯಾ ರಿಪೋರ್ಟರಿನ ಸುಪ್ರೀಂ ಕೋರ್ಟ್ ಭಾಗದ ಮೊದಲನೆಯ ಪುಟವೇ ಈ ತೀರ್ಪಿನದು. ನಮ್ಮ ನೆರೆಯ ರಸ್ತೆಯ ಒಂದು ದುರಂತ ಇಡೀ ದೇಶದ ಕಾನೂನಿಗೆ ಪಾಠವಾದ ಬಗೆಯನ್ನು, ಅದರ ಹಿಂದು ಮುಂದುಗಳೊಡನೆ, ಈ ಸಂಚಿಕೆಯ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಹಿಂದಣ ಕಥೆಯನ್ನು ನೋಡೋಣ. ಆಂಗ್ಲರ ಹಳೆಯ ನ್ಯಾಯಪದ್ಧತಿಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಮತ್ತೊಬ್ಬನ ಅಜಾಗರೂಕತೆಯಿಂದ ಕೈಕಾಲು ಮುರಿದುಕೊಂಡವನು ಪರಿಹಾರ ಕೇಳಬಹುದಾಗಿತ್ತು. ಆದರೆ ಅವನು ಸತ್ತೇಹೋದರೆ ಅವನ ಮನೆಯವರು ಏನನ್ನೂ ಕೇಳುವಂತಿರಲಿಲ್ಲ. 1808ರಲ್ಲಿ ಇಂಗ್ಲೆಂಡಿನಲ್ಲಿ ಪ್ರಯಾಣಿಕರ ಕುದುರೆಗಾಡಿಯೊಂದು ಮಗುಚಿತು. ಅದರಲ್ಲಿದ್ದ ಹೆಂಗಸೊಬ್ಬಳು ಸುಮಾರು ಒಂದು ತಿಂಗಳು ನರಳಿ ಸತ್ತಳು. ಅವಳ ಗಂಡ ದಾವೆ ಹೂಡಿದಾಗ ನ್ಯಾಯಾಧೀಶ ಎಲೆನ್‌ಬರೋ, ಆಕೆ ಬದುಕಿದ್ದಷ್ಟು ದಿನಗಳ ಮಟ್ಟಿಗೆ ಮಾತ್ರ ಗಂಡನ ನಷ್ಟವನ್ನು ಎಣಿಸಬಹುದು, ಸಾವಿನಿಂದ ಆದ ನಷ್ಟಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ದೂರಿಲ್ಲ ಎಂದು ವಿಧಿಸಿದ. ಕೊಂದವನಿಗಿಂತ ಗಾಯಗೊಳಿಸಿದವನೇ ಹೆಚ್ಚು ತೆರಬೇಕಾದ ನ್ಯಾಯವಿದು.

ರೈಲುಗಾಡಿಗಳು ಬಂದು ಸಾವುಗಳು ಹೆಚ್ಚಿದಾಗ ಈ ಅನ್ಯಾಯ ಎಲ್ಲರ ಕಣ್ಣಿಗೂ ಬಿತ್ತು. 1846ರಲ್ಲಿ ಲಾರ್ಡ್ ಕ್ಯಾಂಪ್‌ಬೆಲ್ಲರ ಪ್ರಯತ್ನದಿಂದ ಇಂಗ್ಲೆಂಡಿನಲ್ಲಿ ಹೊಸ ಕಾಯಿದೆ ಬಂದಿತು. 1853ರಲ್ಲಿ ಮುಂಬಯಿ–ಠಾಣೆ ನಡುವೆ ರೈಲು ಓಡಿತು. ಎರಡೇ ವರ್ಷಗಳಲ್ಲಿ, 1855ರಲ್ಲಿ, ಅದೇ ಮಾದರಿಯ ಮಾರಕ ಅಪಘಾತಗಳ ಕಾಯಿದೆ ಭಾರತದಲ್ಲೂ ಜಾರಿಯಾಯಿತು. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ಇವರಿಗಾಗಿ ದಾವೆ ಹೂಡಬಹುದೆಂದು ಅದು ಹೇಳಿತು. ಆದರೆ ದಾರಿ ಸುಲಭವಾಗಿರಲಿಲ್ಲ. ಸಿವಿಲ್ ನ್ಯಾಯಾಲಯದ ಶುಲ್ಕ ಕಟ್ಟಬೇಕು, ವರ್ಷದೊಳಗೆ ದಾವೆ ಹೂಡಬೇಕು, ಎದುರಾಳಿಯ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಗಂಡನನ್ನು ಕಳೆದುಕೊಂಡು ಸೂತಕ ಕಳೆಯುವುದರೊಳಗೆ ಕೂಲಿಗೆ ಹೋಗಬೇಕಾದ ಹೆಣ್ಣುಮಗಳಿಗೆ ಇದು ಎಟುಕುವ ಮಾತಲ್ಲ.

ಪಳನಿಯ ಕುಟುಂಬ ಹೊಕ್ಕದ್ದು ಈ ಇಕ್ಕಟ್ಟಿನ ಬಾಗಿಲನ್ನೇ. ಬಸ್ಸಿನ ಹಿಂಭಾಗದ ಬೋಲ್ಟು ಹಠಾತ್ತನೆ ಮುರಿದದ್ದೇ ಕಾರಣ, ಚಾಲಕನ ತಪ್ಪಿಲ್ಲ ಎಂದು ಕಂಪನಿ ವಾದಿಸಿತು. ನ್ಯಾಯಾಲಯ ಹುಣಿಸೆ ಮರದ ಕಡೆ ಬೆರಳು ತೋರಿತು. ಹದವಾದ ವೇಗದಲ್ಲಿದ್ದ ಬಸ್ಸು ಕಲ್ಲು ಕಿತ್ತು, ಅಷ್ಟು ದೂರ ಹೋಗಿ, ಮರದ ತೊಗಟೆ ಸುಲಿಯುವಂತೆ ಗುದ್ದುತ್ತಿತ್ತೇ? ಘಟನೆಯ ಕುರುಹುಗಳೇ ನಿರ್ಲಕ್ಷ್ಯವನ್ನು ಸಾರುತ್ತಿರುವಾಗ ಅದಕ್ಕೆ ಸಮಾಧಾನ ಹೇಳುವ ಹೊಣೆ ಬಸ್ಸಿನವರದು. ಮಾತು ಬಾರದ ಮರ ಹೀಗೆ ಸಾಕ್ಷಿ ನುಡಿಯಿತು.

ತೀರ್ಪಿನ ಇನ್ನೊಂದು ಅಂಶ ಇನ್ನೂ ಮುಖ್ಯವಾದುದು. ಸಾವಿನಿಂದ ಎರಡು ಬಗೆಯ ನಷ್ಟವುಂಟು ಎಂದು ಅದು ಬಿಡಿಸಿ ಹೇಳಿತು. ಸತ್ತವನ ದುಡಿಮೆಯನ್ನು ನಂಬಿದ್ದವರಿಗೆ ತಪ್ಪಿಹೋದ ಆಸರೆ ಒಂದು. ಬದುಕಬೇಕಾಗಿದ್ದ ಆಯುಸ್ಸು ಕಳೆದುಹೋದದ್ದರಿಂದ ಅವನ ಆಸ್ತಿಗೇ ಆದ ನಷ್ಟ ಇನ್ನೊಂದು. ಎರಡನ್ನೂ ಕೇಳಬಹುದು, ಆದರೆ ಒಂದೇ ಹಣವನ್ನು ಎರಡು ಸಲ ಎಣಿಸಬಾರದು. ಎರಡನೆಯ ಬಾಬಿನಲ್ಲಿ, ಅನುಭವಿಸಿದ ಯಾತನೆಯನ್ನೂ ಸೇರಿಸಿ, ದೊರೆತದ್ದು ಐದು ಸಾವಿರ ರೂಪಾಯಿ. ಸಾವು ಸಂಭವಿಸಿದ್ದು 1947ರಲ್ಲಿ. ಕೊನೆಯ ಮಾತು ಬಂದದ್ದು 1961ರಲ್ಲಿ. ಅಷ್ಟರಲ್ಲಿ ಎಳೆಯ ಮಕ್ಕಳೂ ದೊಡ್ಡವರಾಗಿರಬೇಕು.

ಇಂಥ ವಿಳಂಬವನ್ನು ಕಂಡೇ ಕಾನೂನು ನಿಧಾನವಾಗಿ ತನ್ನನ್ನು ತಿದ್ದಿಕೊಂಡಿತು. 1939ರ ಮೋಟಾರು ವಾಹನ ಕಾಯಿದೆಯಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ 1946ರಲ್ಲಿ ಜಾರಿಗೆ ಬಂದಿತ್ತು. ಬಡ ಚಾಲಕನಿಂದ ಹಣ ಹುಟ್ಟದಿದ್ದರೂ ವಿಮಾ ಕಂಪನಿ ತೆರಬೇಕೆಂಬುದು ಅದರ ಆಶಯ. 1956ರ ತಿದ್ದುಪಡಿಯಿಂದ ಪರಿಹಾರಕ್ಕಾಗಿಯೇ ಪ್ರತ್ಯೇಕ ನ್ಯಾಯಮಂಡಳಿಗಳು ಹುಟ್ಟಿದವು. 1987ರಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ಪ್ರಕರಣವೊಂದರಲ್ಲಿ, ಸತ್ತವನ ಅಣ್ಣತಮ್ಮಂದಿರೂ ಪರಿಹಾರ ಕೇಳಬಹುದು ಎಂದಿತು. ಅವಿಭಕ್ತ ಕುಟುಂಬಗಳ ನಮ್ಮ ಸಮಾಜದಲ್ಲಿ ಅಣ್ಣನ ದುಡಿಮೆಯಿಂದ ಓದುವ ತಮ್ಮಂದಿರು ಎಷ್ಟು ಮಂದಿ ಎಂಬುದು ನಮಗೆಲ್ಲ ತಿಳಿದದ್ದೇ. 1988ರಲ್ಲಿ ಈಗಿನ ಮೋಟಾರು ವಾಹನ ಕಾಯಿದೆ ಬಂದಿತು.

ಇಲ್ಲಿ ನಮ್ಮ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆವು. 1991ರಲ್ಲಿ ನಮ್ಮ ಬಳಗದ ಹುಡುಗನೊಬ್ಬ ಉತ್ತಮಪಾಳ್ಯದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಲಾರಿ ಬಡಿದು ಸತ್ತ. ಮದುವೆಯಾಗಿ ನಾಲ್ಕು ವರ್ಷ, ಕೈಗೂಸು ಬೇರೆ. ಹದಿಮೂರನೆಯ ದಿನ ಹಿರಿಯರೆಲ್ಲ ಕೂಡಿದ್ದಾಗ ಯಾರೋ ಪರಿಹಾರದ ಮಾತೆತ್ತಿದರು. ಅವನ ತಾಯಿ, “ನನ್ನ ಮಗನನ್ನು ಮಾರಿ ಉಣ್ಣಲೇ?” ಎಂದು ಅತ್ತರು. ಓದಿದವರೆಂದು ಎಲ್ಲರೂ ನಮ್ಮ ಮುಖ ನೋಡಿದರು. “ಹೋದ ಜೀವ ಬಂದೀತೇ, ಬಿಡಿ” ಎಂದೆವು. ಅದು ಸಾಂತ್ವನದ ಮಾತೆಂದೇ ಅಂದು ನಾವು ಭಾವಿಸಿದ್ದೆವು. ಒಂದೂವರೆ ವರ್ಷದ ಮೇಲೆ ಸಾಲ ಬೆಳೆದು ಆ ಸೊಸೆ ತಾನೇ ವಕೀಲರ ಬಳಿ ಹೋದಳು. ಆರು ತಿಂಗಳೊಳಗೆ, ತಕ್ಕ ಕಾರಣವಿದ್ದರೆ ಹೆಚ್ಚೆಂದರೆ ಹನ್ನೆರಡು ತಿಂಗಳೊಳಗೆ ಅರ್ಜಿ ಹಾಕಬೇಕಾಗಿತ್ತು ಎಂಬ ಉತ್ತರ ಬಂದಿತು. ಅವಳು ಮರಳಿ ಬಂದು ದ್ರಾಕ್ಷಿ ತೋಟದ ಕೂಲಿಗೆ ಸೇರಿದಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ನಮಗೆ ಇಂದಿಗೂ ಚುಚ್ಚುವ ಸಂಗತಿ. 1994ರ ನವೆಂಬರಿನಲ್ಲಿ ಸಂಸತ್ತಿನ ತಿದ್ದುಪಡಿ ಜಾರಿಯಾಗಿ ಆ ಕಾಲಮಿತಿಯೇ ರದ್ದಾಯಿತು. 1996ರಲ್ಲಿ ಸುಪ್ರೀಂ ಕೋರ್ಟು, ಹಳೆಯ ಅಪಘಾತಗಳಿಗೂ ಈ ರದ್ದತಿಯ ಫಲ ದೊರೆಯಬೇಕು ಎಂದಿತು. ಆ ಪ್ರಕರಣದ ಅರ್ಜಿದಾರರದೂ ನಮ್ಮ ಹುಡುಗನ ಕಾಲದ ಅಪಘಾತವೇ. ಅವರೂ ಗಡುವು ಮೀರಿಯೇ ಅರ್ಜಿ ಹಾಕಿದ್ದವರು. ಕೆಳಗಿನ ನ್ಯಾಯಾಲಯಗಳಲ್ಲಿ ಸೋತರೂ ಬಿಡದೆ ಮೇಲೆ ಹೋದರು, ಗೆದ್ದರು. ನಮ್ಮ ಮುಂದೆಯೂ ಬಾಗಿಲು ತೆರೆದಿತ್ತು. ತೆರೆದದ್ದೇ ನಮಗೆ ತಿಳಿಯಲಿಲ್ಲ. ತಿಳಿಯುವ ವೇಳೆಗೆ ಆ ಕೂಸು ಓದು ಬಿಟ್ಟು ಕೆಲಸಕ್ಕೆ ಸೇರಿಯಾಗಿತ್ತು.

ಆ ತಾಯಿಯ ಪ್ರಶ್ನೆಗೆ ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದಾದರೂ ಹೇಳೋಣ. ಪರಿಹಾರ ಮಗನ ಬೆಲೆಯಲ್ಲ. ಅವನು ಬದುಕಿದ್ದರೆ ಮನೆಗೆ ತರುತ್ತಿದ್ದ ದುಡಿಮೆಯ ಲೆಕ್ಕ ಅದು. ಅವನ ಕೂಸಿಗೆ ಸಲ್ಲಬೇಕಾದ ಬಾಕಿ. ಲೆಕ್ಕದ ಕ್ರಮವನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿಯೂ 2017ರ ಪ್ರಣಯ್ ಸೇಥಿ ಪ್ರಕರಣದಲ್ಲಿಯೂ ನಿಗದಿಪಡಿಸಿದೆ. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದ, 32 ವರ್ಷದ, ಸ್ವಂತ ಉದ್ಯೋಗದ ವ್ಯಕ್ತಿಗೆ ತಾಯಿ, ಹೆಂಡತಿ, ಇಬ್ಬರು ಮಕ್ಕಳಿದ್ದರೆನ್ನಿ. ಮುಂದಿನ ಏಳಿಗೆಗಾಗಿ ಶೇಕಡಾ 40 ಕೂಡಿಸಿದರೆ 21,000. ಅವಲಂಬಿತರು ನಾಲ್ವರಾದ್ದರಿಂದ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 16ರಿಂದ ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ ಮೊದಲಾದವು ಇದರ ಮೇಲೆ. ಏಳನೆಯ ತರಗತಿಯ ವಿದ್ಯಾರ್ಥಿ ಮಾಡಬಲ್ಲ ಗಣಿತವಿದು. ಆದರೆ ಇದನ್ನರಿಯದ ಮನೆಯವರು ಮಧ್ಯವರ್ತಿ ಕೊಟ್ಟಷ್ಟನ್ನು ತೆಗೆದುಕೊಂಡು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ.

ಸಂಬಳವಿಲ್ಲದ ಗೃಹಿಣಿ ಸತ್ತರೆ ನಷ್ಟವೇನು ಎಂಬ ಪ್ರಶ್ನೆಯೂ ಇತ್ತು. 1989ರ ಜಮ್‌ಶೆಡ್‌ಪುರದ ಬೆಂಕಿ ಅನಾಹುತಕ್ಕೆ ಸಂಬಂಧಿಸಿದ 2001ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿಯಂತೆ ಮೌಲ್ಯ ಕಟ್ಟಿತು. 2021ರಲ್ಲಿ ಆ ತತ್ತ್ವವನ್ನು ಇನ್ನಷ್ಟು ಬಲಪಡಿಸಿತು. ಹಟ್ಟಿ, ಹೊಲ, ಒಲೆ ಮೂರನ್ನೂ ನಡೆಸುವ ನಮ್ಮ ಹೆಣ್ಣುಮಕ್ಕಳ ದುಡಿಮೆಗೆ ನ್ಯಾಯಾಲಯ ತಡವಾಗಿಯಾದರೂ ಕಣ್ತೆರೆಯಿತು.

ಈ ಲೆಕ್ಕದಲ್ಲಿ ಒಂದು ಕಹಿಯೂ ಇದೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ದುರಂತವಾಗಿ 158 ಮಂದಿ ಮಡಿದರು; ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಮನೆಯಲ್ಲಿ ಗೋಳು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ನಿರ್ಣಯಿಸಿದ್ದು ಹತ್ತು ವರ್ಷಗಳ ಅನಂತರ, 2020ರಲ್ಲಿ. ಹೊರದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದವನ ಮನೆಗೆ ಕೋಟಿಗಳು, ಏಲಕ್ಕಿ ತೋಟದ ಕೂಲಿಯ ಮನೆಗೆ ಕೆಲವು ಲಕ್ಷಗಳು. ಜೀವಗಳು ಸಮವಲ್ಲವೇ ಎಂದು ಯಾರಾದರೂ ಕೇಳಿದರೆ ನಮ್ಮ ಬಳಿ ತೃಪ್ತಿಕರ ಉತ್ತರವಿಲ್ಲ. ಕಾನೂನು ಅಳೆಯುವುದು ಆದಾಯದ ನಷ್ಟವನ್ನು ಮಾತ್ರ. ಜೀವವನ್ನು ಅಳೆಯುವ ಕೋಲು ಅದರ ಬಳಿ ಇಲ್ಲ. ಆದ್ದರಿಂದಲೇ ಕೂಲಿಯವನ ಆದಾಯಕ್ಕೆ ಪುರಾವೆ ಕೂಡಿಸುವುದು ಇನ್ನೂ ಅಗತ್ಯ.

ನಮ್ಮ ಸೀಮೆಯ ರಸ್ತೆಗಳ ಅಪಾಯ ಎಲ್ಲರೂ ಬಲ್ಲದ್ದು. ಬೋಡಿಮೆಟ್ಟಿನ ತಿರುವುಗಳಲ್ಲಿ ನಸುಕಿನಲ್ಲೇ ತೋಟದ ಹೆಂಗಸರನ್ನು ತುಂಬಿಕೊಂಡು ಜೀಪುಗಳು ಏರುತ್ತವೆ. ಕಾರ್ತಿಕ ಮಾರ್ಗಶಿರಗಳಲ್ಲಿ ಕರ್ನಾಟಕದ ಅಯ್ಯಪ್ಪ ಭಕ್ತರ ವಾಹನಗಳು ತೇನಿ, ಕಂಬಂ ದಾಟಿ ಕುಮುಳಿ ಘಟ್ಟ ಹತ್ತುತ್ತವೆ. 2022ರ ಡಿಸೆಂಬರಿನಲ್ಲಿ ಶಬರಿಮಲೆಯಿಂದ ಮರಳುತ್ತಿದ್ದ ಆಂಡಿಪಟ್ಟಿಯ ಎಂಟು ಮಂದಿ ಅದೇ ಘಟ್ಟದಲ್ಲಿ ಪ್ರಾಣ ಕಳೆದುಕೊಂಡರು. ಇಂಥ ಸಮಯದಲ್ಲಿ ಸರಕಾರ ಘೋಷಿಸುವ ನೆರವು ಬೇರೆ, ಕಾನೂನಿನ ಪರಿಹಾರ ಬೇರೆ. ಮೊದಲನೆಯದು ಅನುಕಂಪ, ಎರಡನೆಯದು ಹಕ್ಕು. ಒಂದು ಕೈಗೆ ಬಂದ ಮಾತ್ರಕ್ಕೆ ಇನ್ನೊಂದು ತೀರಿತೆಂದು ತಿಳಿಯಬಾರದು.

ಆದ್ದರಿಂದ ಸಂಘದ ಪ್ರತಿ ಮನೆಯೂ ಕೆಲವು ಸಂಗತಿಗಳನ್ನು ನೆನಪಿಡಬೇಕು. 1994ರಲ್ಲಿ ಹೋಗಿದ್ದ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಮರಳಿ ಬಂದಿದೆ. ಅದನ್ನು ಪ್ರಶ್ನಿಸಿ ವ್ಯಾಜ್ಯಗಳು ನಡೆದಿವೆಯಾದರೂ ಅವನ್ನು ನೆಚ್ಚಿ ಕೂರುವುದು ತರವಲ್ಲ. ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಕುಟುಂಬ ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಕೇರಳದಲ್ಲಿ ಸತ್ತವರ ಮನೆಯವರು ತೇನಿಯಲ್ಲೂ, ಇಲ್ಲಿ ಸತ್ತ ಮೈಸೂರಿನವರ ಮಕ್ಕಳು ಮೈಸೂರಿನಲ್ಲೂ ಕೇಳಬಹುದು. ಗುದ್ದಿದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ ರೂಪಾಯಿ ದೊರೆಯುವ ಯೋಜನೆ ಇದೆ. ಎಫ್‌ಐಆರ್ ಪ್ರತಿ, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಾಹನದ ವಿಮೆಯ ವಿವರ, ವಯಸ್ಸಿಗೂ ಆದಾಯಕ್ಕೂ ದಾಖಲೆ, ವಾರಸುದಾರರ ಪ್ರಮಾಣಪತ್ರ ಇವನ್ನು ಒಂದು ಚೀಲದಲ್ಲಿ ಜೋಪಾನ ಮಾಡಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಪಡೆಯಬಹುದು.

ನಮ್ಮವರಿಗೆ ಇನ್ನೂ ಒಂದು ತೊಡಕುಂಟು. ನಾವು ಅಳುವುದು ಕನ್ನಡದಲ್ಲಿ, ಠಾಣೆಯ ಕಾಗದ ತಮಿಳಿನಲ್ಲಿ, ವಿಮೆಯ ಪತ್ರ ಇಂಗ್ಲಿಷಿನಲ್ಲಿ. ದುಃಖದಲ್ಲಿರುವ ಮನೆಗೆ ಈ ಮೂರನ್ನೂ ಓದಿ ಹೇಳಬಲ್ಲ ಒಬ್ಬರು ಮೊದಲ ತಿಂಗಳಲ್ಲೇ ಹೋದರೆ ಅದಕ್ಕಿಂತ ದೊಡ್ಡ ಭಾಷಾಸೇವೆ ಬೇರೊಂದಿಲ್ಲ. ಸಂಘದಲ್ಲಿ ಅಂಥ ನಾಲ್ಕೈದು ಮಂದಿಯ ಪಟ್ಟಿಯೊಂದು ಸಿದ್ಧವಾಗಲಿ. ಅದರಲ್ಲಿ ಮೊದಲ ಹೆಸರು ನಮ್ಮದಿರಲಿ ಎಂದು ಈಗಾಗಲೇ ಕಾರ್ಯದರ್ಶಿಗಳಿಗೆ ತಿಳಿಸಿದ್ದೇವೆ. 1991ರ ಹದಿಮೂರನೆಯ ದಿನ ಆಡಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮಗೆ ಉಳಿದಿರುವ ದಾರಿ ಅದೊಂದೇ.