ವಾರದ ಕಂತು, ತಿಂಗಳ ರೊಕ್ಕ

ಕಳೆದ ವರ್ಷ ಊರಿನಿಂದ ದೊಡ್ಡವ್ವ ಫೋನ್ ಮಾಡಿದ್ದಳು. ಗದಗಿನ ಹತ್ತಿರದ ನಮ್ಮ ಊರಲ್ಲಿ ಆಕೆ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಜೋಳ, ಉರುವಲು ಕೊಳ್ಳಲು ಗುಂಪಿನಲ್ಲಿ ಸಾಲ ತೆಗೆದಿದ್ದಳು. ಗುಂಪಿನ ಇಬ್ಬರು ಕಂತು ನಿಲ್ಲಿಸಿದ್ದರಿಂದ ಉಳಿದವರ ಮನೆ ಮುಂದೆ ವಸೂಲಿಯವರು ಬಂದು ಕೂತಿದ್ದರು. “ರೊಟ್ಟಿ ರೊಕ್ಕ ತಿಂಗಳಾದ ಮ್ಯಾಲೆ ಕೊಡ್ತಾರ ತಮ್ಮಾ, ಕಂತು ಮಾತ್ರ ವಾರಾ ವಾರಾ ಬರತೈತಿ” ಅಂದಳು.

ನಾನು ಹಣ ಕಳಿಸಿದೆ. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಸಣ್ಣ ಸಾಲ ಒಬ್ಬರನ್ನು ಎತ್ತಿ ನಿಲ್ಲಿಸುತ್ತದೆ, ಇನ್ನೊಬ್ಬರನ್ನು ಕೆಡವುತ್ತದೆ. ಏಕೆ? ಉತ್ತರ ಹುಡುಕಹೊರಟಾಗ ನಾನೀಗ ಇರುವ ಜರ್ಮನಿಯ ಇತಿಹಾಸವೇ ಎದುರಾಯಿತು.

ಇಲ್ಲಿನ ಅನೇಕ ಸಣ್ಣ ಊರುಗಳಲ್ಲಿ ‘ರೈಫೈಸನ್ ಬ್ಯಾಂಕ್’ ಎಂಬ ಫಲಕ ಕಾಣುತ್ತದೆ. ಅದು ಒಬ್ಬ ಮನುಷ್ಯನ ಹೆಸರೆಂದು ನನಗೆ ಬಹುಕಾಲ ಗೊತ್ತಿರಲಿಲ್ಲ. ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ 1818ರಲ್ಲಿ ವೆಸ್ಟರ್‌ವಾಲ್ಡ್ ಗುಡ್ಡಗಾಡಿನಲ್ಲಿ ಹುಟ್ಟಿದವನು. 1846–47ರ ಬರಗಾಲದ ಚಳಿಗಾಲದಲ್ಲಿ ವೈಯರ್‌ಬುಷ್ ಎಂಬಲ್ಲಿ ಮೇಯರ್ ಆಗಿದ್ದ. ಉಳ್ಳವರಿಂದ ಹಣ ಕೂಡಿಸಿ, ಬಡವರಿಗೆ ಅಗ್ಗದ ರೊಟ್ಟಿ ಸಿಗುವಂತೆ ಸಂಘ ಕಟ್ಟಿದ. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಬಡ ರೈತರಿಗೆ ದನ ಕೊಡಿಸುವ ಇನ್ನೊಂದು ಸಂಘ ಮಾಡಿದ. ಎರಡೂ ಉಳ್ಳವರ ಕರುಣೆಯ ಮೇಲೆ ನಿಂತವು. ಆ ಉತ್ಸಾಹ ಬಹುಕಾಲ ಬಾಳುವುದಿಲ್ಲವೆಂಬುದನ್ನು ಅವನು ಅನುಭವದಿಂದ ಕಲಿತ. ಹಾಗಾಗಿ 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ನಿಯಮ ಬದಲಾಯಿತು. ಸಾಲ ಬೇಕಾದವನೂ ಸದಸ್ಯನಾಗಬೇಕು, ಸಂಘದ ಸಾಲಕ್ಕೆ ಎಲ್ಲರೂ ಹೊಣೆ. ಸಂಘ ಚಿಕ್ಕದು, ಒಬ್ಬರ ಸಂಸಾರ ಇನ್ನೊಬ್ಬರಿಗೆ ಗೊತ್ತು. ಯಾರು ತೀರಿಸಬಲ್ಲರು, ಯಾವಾಗ ತೀರಿಸಬಲ್ಲರು ಎಂಬುದು ಕಾಗದ ನೋಡದೆಯೇ ತಿಳಿಯುತ್ತಿತ್ತು.

ಈ ವಿಚಾರ ಸಮುದ್ರ ದಾಟಿತು. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಯುರೋಪಿನ ಪದ್ಧತಿಗಳನ್ನು ಅಭ್ಯಾಸ ಮಾಡಿ, ಭಾರತದ ಹಳ್ಳಿಗಳಿಗೂ ಒಬ್ಬ ರೈಫೈಸನ್ ಬೇಕೆಂದು ವರದಿ ಕೊಟ್ಟ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಆರಂಭಿಸಿದರು. ದೇಶದ ಮೊದಲ ಇಂಥ ಸಂಘ ಎಂಬ ಹೆಗ್ಗಳಿಕೆ ಅದಕ್ಕಿದೆ. ಬಸ್ಸಿನಲ್ಲಿ ಎಷ್ಟೋ ಸಲ ಆ ಕಡೆ ಓಡಾಡಿದ್ದೆ. ಅದರ ಬೆಲೆ ತಿಳಿಯಲು ಜರ್ಮನಿಗೆ ಬರಬೇಕಾಯಿತು!

ಆದರೆ ಸಂಘಗಳು ಹೆಚ್ಚಿದಷ್ಟು ಬಡವರ ಪಾಲು ಹೆಚ್ಚಲಿಲ್ಲ. 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನೋಡಿದರೆ, ರೈತರ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ನೂರಕ್ಕೆ ಸುಮಾರು 3 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಸಾಹುಕಾರರದು. ಹೊಲವಿದ್ದವನಿಗೇ ಸಾಲದ ಬಾಗಿಲು ತೆರೆಯುತ್ತಿರಲಿಲ್ಲವೆಂದರೆ, ರೊಟ್ಟಿ ಬಡಿಯುವವಳನ್ನು ಯಾರು ಕೇಳಬೇಕು?

ದಾರಿ ಮತ್ತೆ ಕರ್ನಾಟಕದಲ್ಲೇ ತೆರೆಯಿತು. 1980ರ ದಶಕದ ಮಧ್ಯಭಾಗದಲ್ಲಿ ಮೈರಾಡಾ ಸಂಸ್ಥೆ ಬೆಂಬಲಿಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಪರಸ್ಪರ ನಂಬಿಕೆಯಿದ್ದವರು ತಾವೇ ಸಣ್ಣ ಗುಂಪುಗಳಾದರು. ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿ ಎಷ್ಟು, ಕಂತು ಯಾವಾಗ ಎಂಬುದು ಗುಂಪಿನ ತೀರ್ಮಾನ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಶುರುವಾಯಿತು. ಮುಂದೆ ಅದು ದೇಶದಾದ್ಯಂತ ಹರಡಿತು.

ಇದರ ಜೊತೆಗೇ ಇನ್ನೊಂದು ಬಗೆಯೂ ಬೆಳೆಯಿತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನಿಂದ ಗುಂಪು ಹೊಣೆ ಮತ್ತು ವಾರದ ಕಂತನ್ನು ಕಲಿತ ಕಂಪನಿಗಳು ಮನೆಬಾಗಿಲಿಗೇ ಸಾಲ ತಂದವು. ಅಡವಿಲ್ಲ, ಅಲೆದಾಟವಿಲ್ಲ, ಅದು ಸಣ್ಣ ಉಪಕಾರವೇನಲ್ಲ. ಆದರೆ ಸಾಲ ಕೊಟ್ಟವನು ಪರವೂರಿನವನಾದ, ಅವನ ಗುರಿ ವಸೂಲಿಯ ಲೆಕ್ಕವಾಯಿತು. ಒಂದೇ ಮನೆಗೆ ಮೂರು ನಾಲ್ಕು ಕಡೆಯ ಸಾಲ ಸೇರಿತು. 2010ರಲ್ಲಿ ಆಂಧ್ರಪ್ರದೇಶ ಸುಗ್ರೀವಾಜ್ಞೆ ತರಬೇಕಾಯಿತು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದೆಂದು 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ಕರ್ನಾಟಕವೂ ಸುಗ್ರೀವಾಜ್ಞೆ ಹೊರಡಿಸಿತು.

ಸಣ್ಣ ಉದ್ಯೋಗಕ್ಕೆ ಸಾಲ ಆಧಾರವಾಗುವುದೂ ಉರುಳಾಗುವುದೂ ಬಡ್ಡಿಯೊಂದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಕೊಡುವವನಿಗೆ ಪಡೆಯುವವಳ ಗುರುತಿದೆಯೇ? ಗುಂಪು ನಂಬಿಕೆಯಿಂದ ಕೂಡಿದ್ದೇ, ಸಾಲಕ್ಕಾಗಿ ಕೂಡಿಸಿದ್ದೇ? ಕಂತಿನ ದಿನವೂ ಗಳಿಕೆಯ ದಿನವೂ ಹೊಂದುತ್ತವೆಯೇ? ಹೆಡೆಸ್‌ಡಾರ್ಫ್‌ನಲ್ಲಾಗಲಿ ಕಣಗಿನಹಾಳದಲ್ಲಾಗಲಿ ಇದನ್ನು ಕೇಳಬೇಕಾದವರು ಅದೇ ಊರಿನಲ್ಲಿದ್ದರು. ಗುಂಪು ಹೊಣೆಯೆಂಬ ಮಾತು ಈಗಲೂ ಉಳಿದಿದೆ, ಅದರ ಬೆನ್ನಿಗಿದ್ದ ಗುರುತು ಮಾತ್ರ ಹಲವೆಡೆ ಕಳೆದುಹೋಗಿದೆ.

ದೊಡ್ಡವ್ವ ಈಗ ಓಣಿಯ ಹನ್ನೆರಡು ಹೆಂಗಸರ ಉಳಿತಾಯ ಸಂಘ ಸೇರಿದ್ದಾಳೆ. ಕಂತು ತಿಂಗಳಿಗೊಮ್ಮೆ, ಖಾನಾವಳಿಯವರು ರೊಕ್ಕ ಕೊಟ್ಟ ಮೇಲೆ. ಹಳೆಯ ಸಾಲ ಇನ್ನೂ ಪೂರ್ತಿ ತೀರಿಲ್ಲ. ರೈಫೈಸನ್ ಕಥೆ ಹೇಳಿದಾಗ ಆಕೆ ನಕ್ಕಳು. “ಅಂವಾ ರೊಟ್ಟಿಯಿಂದ ಸುರು ಮಾಡಿದ್ನಾ? ಹಂಗಾದ್ರ ಅಂವಗ ಗೊತ್ತಿತ್ತು ಬಿಡು.”