ಧಾರಾವಾಹಿಗಳಲ್ಲಿ ಉಪದೇಶವೂ ಸ್ತ್ರೀಪಾತ್ರವೂ

ಉಪದೇಶವು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರು ಬಗೆಯೆಂಬುದು ಮಮ್ಮಟಾಚಾರ್ಯನ ಮತ. ವೇದವು ಒಡೆಯನಂತೆ ಆಜ್ಞಾಪಿಸುವುದು. ಪುರಾಣವು ಗೆಳೆಯನಂತೆ ತಿಳಿಯಹೇಳುವುದು. ಕಾವ್ಯವು ಪ್ರಿಯೆಯಂತೆ ರಸದಿಂದ ಒಲಿಸಿಕೊಂಡು ಹಿತವನ್ನು ಮನಗಾಣಿಸುವುದು. ದೂರದರ್ಶನದ ಹಳೆಯ ಹಿಂದೀ ಧಾರಾವಾಹಿಗಳ ಚರಿತ್ರೆಗೂ ಈ ವಿಭಾಗವು ಚೆನ್ನಾಗಿ ಹೊಂದುವುದು.

1984ನೆಯ ಜುಲೈ 7ರಂದು ‘ಹಮ್ ಲೋಗ್’ ಪ್ರಾರಂಭವಾಯಿತು. ಕಥೆಯ ಮೂಲಕ ಜನಶಿಕ್ಷಣವನ್ನು ನೀಡಲು ಮೆಕ್ಸಿಕೋ ದೇಶದ ಮಿಗೆಲ್ ಸಬೀದೋ ರೂಪಿಸಿದ್ದ ಕ್ರಮವೇ ಇದಕ್ಕೆ ಮಾದರಿ. ಕುಟುಂಬ ಯೋಜನೆ, ಸ್ತ್ರೀಯರ ಸ್ಥಾನಮಾನ ಮುಂತಾದವುಗಳ ಬೋಧೆಯು ಅದರ ಉದ್ದೇಶ. ಬರೆದವರು ಮನೋಹರ ಶ್ಯಾಮ ಜೋಶಿ. ಮೊದಲ ಕಂತುಗಳಲ್ಲಿ ಬೋಧೆಯ ಭಾರ ಹೆಚ್ಚಾಗಿ ಪ್ರೇಕ್ಷಕರು ಬೇಸತ್ತರು. ಅದನ್ನು ತಗ್ಗಿಸಿ ಸಂಸಾರದ ಸುಖದುಃಖಗಳಿಗೆ ಎಡೆಗೊಟ್ಟ ಬಳಿಕ ಕಥೆಯು ಜನಮನವನ್ನು ಸೆಳೆಯಿತು. ಕಾಗದಗಳು ಲಕ್ಷಗಟ್ಟಲೆ ಬಂದವು.

ಆದರೆ ಒಂದು ವಿಪರ್ಯಾಸವೂ ನಡೆಯಿತು. ಕುಡುಕ ಗಂಡ ಬಸೇಸರ ರಾಮನ ದರ್ಪವನ್ನೆಲ್ಲ ತಾಳಿಕೊಳ್ಳುವ ಭಾಗವಂತಿಯನ್ನು ‘ಹೀಗಿರಬಾರದು’ ಎಂಬುದಕ್ಕೆ ನಿದರ್ಶನವಾಗಿ ಕಲ್ಪಿಸಲಾಗಿತ್ತು. ನೋಡಿದವರಲ್ಲಿ ಅನೇಕರು, ಸ್ತ್ರೀಯರು ಸಹ, ಅವಳನ್ನೇ ಆದರ್ಶ ಗೃಹಿಣಿಯೆಂದು ಬಗೆದರು. ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ ಕುಮಾರರು ಹೇಳುತ್ತಿದ್ದ ಹಿತವಚನದಿಂದಲೂ ಈ ಭಾವನೆ ತೊಲಗಲಿಲ್ಲ. ಇದರ ಕಾರಣ ದೂರದಲ್ಲಿಲ್ಲ. ಲೇಖನಿಯು ಅವಳ ಸಹನೆಗೆ ಕರುಣರಸವನ್ನು ಧಾರೆಯೆರೆದಿತ್ತು. ಸೀತೆ ಸಾವಿತ್ರಿಯರ ಕಥೆಯನ್ನು ಕೇಳಿ ಬೆಳೆದ ಮನಸ್ಸು ಕಣ್ಣೀರಿಟ್ಟು ಸಹಿಸುವವಳನ್ನು ಕಂಡರೆ ಕೈಮುಗಿಯುವುದು. ಸಾವಿತ್ರಿಯು ಯಮನೊಡನೆ ವಾದಿಸಿ ಗೆದ್ದವಳೆಂಬುದನ್ನು ಮಾತ್ರ ಮರೆಯುವುದು.

ಆ ವಾದಿಸುವ ಸಾವಿತ್ರಿಯು 1989ರಲ್ಲಿ ‘ಉಡಾನ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡಳು. ಅದನ್ನು ಬರೆದು ನಿರ್ದೇಶಿಸಿ, ನಾಯಿಕೆ ಕಲ್ಯಾಣಿಯ ಪಾತ್ರವನ್ನೂ ವಹಿಸಿದವರು ಕವಿತಾ ಚೌಧರಿ. ಅವರ ಅಕ್ಕ ಕಾಂಚನ ಚೌಧರಿ ಭಟ್ಟಾಚಾರ್ಯರ ಜೀವನವೇ ಕಥೆಗೆ ಮೂಲ. 2004ರಲ್ಲಿ ಉತ್ತರಾಖಂಡದ ಪೊಲೀಸು ಮಹಾನಿರ್ದೇಶಕರಾಗಿ, ಒಂದು ರಾಜ್ಯದ ಪೊಲೀಸು ಪಡೆಗೆ ಮುಖ್ಯಸ್ಥರಾದ ದೇಶದ ಮೊದಲ ಮಹಿಳೆ ಅವರೇ. ಇಲ್ಲಿ ಕಥೆಯಿಂದ ಬೇರೆಯಾದ ಬೋಧೆಯೇ ಬೇಕಾಗಲಿಲ್ಲ. ಅನ್ಯಾಯವನ್ನು ಕಂಡ ಹುಡುಗಿಯು ಓದಿ, ಅಧಿಕಾರಿಣಿಯಾಗಿ, ಕಷ್ಟವಾದ ನಿರ್ಧಾರಗಳನ್ನು ತಾನೇ ಕೈಗೊಳ್ಳುವುದೇ ಉಪದೇಶವಾಯಿತು.

ಭಾಗವಂತಿಗೆ ಕೈಮುಗಿದ ನಾಡೇ ಐದು ವರ್ಷಗಳ ತರುವಾಯ ಕಲ್ಯಾಣಿಯನ್ನೂ ಮೆಚ್ಚಿತು. ಆದುದರಿಂದ, ಅಳುವ ಹೆಂಗಸೇ ಜನರಿಗೆ ಬೇಕೆಂದು ಹೇಳಿ ಲೇಖಕರಾದವರು ತಮ್ಮ ಹೊಣೆಯನ್ನು ಕಳಚಿಕೊಳ್ಳಲಾಗದು.