ಬೆಂಗಳೂರಿನಲ್ಲಿ ಕೋವಿಡ್-19 ಲಾಕ್‌ಡೌನ್: ಜಾರಿ ಮತ್ತು ಪಾಲನೆ

ಕೋವಿಡ್-19 ಸಾಂಕ್ರಾಮಿಕದ ಅವಧಿಯಲ್ಲಿ, 2020ರ ಮಾರ್ಚ್‌ನಿಂದ 2022ರ ಜನವರಿಯವರೆಗೆ, ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿ ಜನಸಂಚಾರ, ವ್ಯಾಪಾರ ಹಾಗೂ ಸಮಾರಂಭಗಳ ಮೇಲೆ ಹಲವು ಹಂತಗಳಲ್ಲಿ ನಿರ್ಬಂಧಗಳನ್ನು ವಿಧಿಸಲಾಗಿತ್ತು. ಇವುಗಳ ಜಾರಿಯ ಹೊಣೆಯನ್ನು ಬೆಂಗಳೂರು ನಗರ ಪೊಲೀಸ್, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮತ್ತು ಆರೋಗ್ಯ ಇಲಾಖೆಗಳು ಹಂಚಿಕೊಂಡಿದ್ದವು. ವಾಹನ ಜಪ್ತಿ, ದಂಡ, ಬಡಾವಣೆಗಳ ಸೀಲ್‌ಡೌನ್, ಕೈಗೆ ಮುದ್ರೆ ಒತ್ತುವುದು ಹಾಗೂ ಮೊಬೈಲ್ ಮೂಲಕ ನಿಗಾ ಇಡುವುದು ಜಾರಿಯ ಮುಖ್ಯ ವಿಧಾನಗಳಾಗಿದ್ದವು. ನಿಯಮಗಳನ್ನು ಜನರು ಎಷ್ಟರಮಟ್ಟಿಗೆ ಪಾಲಿಸಿದರು ಎಂಬುದು ಪೊಲೀಸರ ಬಿಗಿಯೊಂದನ್ನೇ ಅವಲಂಬಿಸಿರಲಿಲ್ಲ. ಮನೆಯಲ್ಲೇ ಇದ್ದು ದಿನ ದೂಡುವ ಅನುಕೂಲ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದೂ ಅದನ್ನು ನಿರ್ಧರಿಸಿತು.

ಹಿನ್ನೆಲೆ

ಸಾಂಕ್ರಾಮಿಕ ತಡೆಗಾಗಿ ನಿರ್ಬಂಧ ಹೇರುವುದು ಬೆಂಗಳೂರಿಗೆ ಹೊಸತಾಗಿರಲಿಲ್ಲ. 1898ರಲ್ಲಿ ನಗರಕ್ಕೆ ಪ್ಲೇಗ್ ತಗುಲಿದಾಗ ಮನೆಗಳ ತಪಾಸಣೆ, ರೋಗಿಗಳನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸುವುದು ಮುಂತಾದ ಕ್ರಮಗಳನ್ನು ಕೈಗೊಳ್ಳಲಾಗಿತ್ತು. ಹಳೆಯ ಪೇಟೆಯ ಕಿಕ್ಕಿರಿದ ವಸತಿಗೆ ಪರ್ಯಾಯವಾಗಿ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದು ಆ ಕಾಲದಲ್ಲಿಯೇ. ಬ್ರಿಟಿಷ್ ಆಡಳಿತವು 1897ರಲ್ಲಿ ಪ್ಲೇಗ್ ತಡೆಗೆಂದು ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ 123 ವರ್ಷಗಳ ನಂತರ ಕೋವಿಡ್ ನಿಯಂತ್ರಣದ ಮೊದಲ ಕಾನೂನು ಸಾಧನವಾಯಿತು.

ಕರ್ನಾಟಕದಲ್ಲಿ ಕೋವಿಡ್-19ರ ಮೊದಲ ಪ್ರಕರಣವು 2020ರ ಮಾರ್ಚ್ ಎರಡನೇ ವಾರದಲ್ಲಿ ಬೆಂಗಳೂರಿನಲ್ಲಿ ಪತ್ತೆಯಾಯಿತು. ಮಾರ್ಚ್ 10ರಂದು ಮೃತಪಟ್ಟ ಕಲಬುರಗಿಯ 76 ವರ್ಷದ ವ್ಯಕ್ತಿಗೆ ಸೋಂಕು ಇದ್ದುದು ಮಾರ್ಚ್ 12ರಂದು ದೃಢಪಟ್ಟಿತು. ಇದು ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವು. ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರು ಮಾರ್ಚ್ 14ರಿಂದ ಒಂದು ವಾರ ಕಾಲ ಚಿತ್ರಮಂದಿರ, ಮಾಲ್ ಮತ್ತು ಪಬ್‌ಗಳನ್ನು ಮುಚ್ಚಲು, ದೊಡ್ಡ ಸಮಾರಂಭಗಳನ್ನು ನಿಲ್ಲಿಸಲು ಆದೇಶಿಸಿದರು. ಈ ಅವಧಿಯನ್ನು ಮುಂದೆ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು.

ಕಾನೂನಿನ ಆಧಾರ

ರಾಜ್ಯ ಸರ್ಕಾರವು 1897ರ ಕಾಯ್ದೆಯಡಿ 2020ರ ಮಾರ್ಚ್ 11ರಂದು ಕೋವಿಡ್-19 ನಿಯಮಾವಳಿಗಳನ್ನು ಹೊರಡಿಸಿತು. ರಾಷ್ಟ್ರವ್ಯಾಪಿ ಲಾಕ್‌ಡೌನ್ ಘೋಷಣೆಯಾದ ಮೇಲೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ಅನ್ವಯವಾಯಿತು. ಸರ್ಕಾರಿ ಆದೇಶದ ಉಲ್ಲಂಘನೆಗೆ ಭಾರತೀಯ ದಂಡ ಸಂಹಿತೆಯ 188ನೇ ಕಲಂ, ಸೋಂಕು ಹರಡುವಂತಹ ಕೃತ್ಯಗಳಿಗೆ 269 ಮತ್ತು 270ನೇ ಕಲಂಗಳು, ಗುಂಪುಗೂಡುವುದನ್ನು ತಡೆಯಲು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ ಬಳಕೆಯಾದವು.

2020ರ ಏಪ್ರಿಲ್ 22ರಂದು ರಾಜ್ಯವು ಕರ್ನಾಟಕ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಕರ್ತವ್ಯನಿರತ ಸಿಬ್ಬಂದಿಯ ಮೇಲಿನ ಹಲ್ಲೆಗೆ ಶಿಕ್ಷೆ ಹಾಗೂ ಸಾರ್ವಜನಿಕ ಆಸ್ತಿ ಹಾನಿಯ ವಸೂಲಿಗೆ ಇದರಲ್ಲಿ ಅವಕಾಶ ಕಲ್ಪಿಸಲಾಗಿತ್ತು. ಅದೇ ವರ್ಷ ಇದರ ಸ್ಥಾನದಲ್ಲಿ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ಜಾರಿಗೆ ಬಂತು.

ಮೊದಲ ಲಾಕ್‌ಡೌನ್ (ಮಾರ್ಚ್–ಮೇ 2020)

ಮಾರ್ಚ್ 22ರ ಜನತಾ ಕರ್ಫ್ಯೂ ದಿನ ನಗರದ ರಸ್ತೆಗಳು ಬಹುತೇಕ ನಿರ್ಜನವಾಗಿದ್ದವು. ಆದರೆ ಬೆಂಗಳೂರು ಸೇರಿದಂತೆ ಒಂಬತ್ತು ಜಿಲ್ಲೆಗಳಿಗೆ ನಿರ್ಬಂಧ ಘೋಷಿಸಿದ್ದರೂ ಮರುದಿನ ಸಂಚಾರ ಮತ್ತೆ ಆರಂಭವಾಯಿತು. ಹೀಗಾಗಿ ಮಾರ್ಚ್ 24ರಿಂದ ಇಡೀ ರಾಜ್ಯಕ್ಕೆ ಲಾಕ್‌ಡೌನ್ ವಿಸ್ತರಿಸಲಾಯಿತು. ಮಾರ್ಚ್ 25ರಿಂದ ದೇಶದಾದ್ಯಂತ 21 ದಿನಗಳ ಲಾಕ್‌ಡೌನ್ ಜಾರಿಯಾಗಿ, ಅದು ಹಂತಹಂತವಾಗಿ ಮೇ 31ರವರೆಗೆ ಮುಂದುವರಿಯಿತು.

ಲಾಠಿ ಬಳಕೆ

ಆರಂಭದ ದಿನಗಳಲ್ಲಿ ರಸ್ತೆಗಿಳಿದವರಿಗೆ ಪೊಲೀಸರು ಲಾಠಿಯಿಂದ ಹೊಡೆದ, ಬಸ್ಕಿ ಹೊಡೆಸಿದ ದೃಶ್ಯಗಳು ವ್ಯಾಪಕವಾಗಿ ಪ್ರಸಾರವಾದವು. ಹಾಲು, ತರಕಾರಿ, ಔಷಧಿ ತರಲು ಹೋದವರೂ ಅಗತ್ಯ ಸೇವೆಯ ಸಿಬ್ಬಂದಿಯೂ ಪೆಟ್ಟು ತಿಂದರೆಂಬ ದೂರುಗಳು ಕೇಳಿಬಂದವು. ಮಾರ್ಚ್ ಕೊನೆಯ ವಾರದಲ್ಲಿ ಅಂದಿನ ನಗರ ಪೊಲೀಸ್ ಆಯುಕ್ತ ಭಾಸ್ಕರ್ ರಾವ್ ಅವರು ಲಾಠಿಗಳನ್ನು ಠಾಣೆಯಲ್ಲೇ ಬಿಟ್ಟು ಕರ್ತವ್ಯಕ್ಕೆ ತೆರಳುವಂತೆ ಸಿಬ್ಬಂದಿಗೆ ಸೂಚಿಸಿದರು. ಧ್ವನಿವರ್ಧಕದ ಪ್ರಚಾರ, ಯಮಧರ್ಮನ ವೇಷ ತೊಟ್ಟವರಿಂದ ಜಾಗೃತಿಯಂತಹ ವಿಧಾನಗಳನ್ನೂ ಪೊಲೀಸರು ಬಳಸಿದರು.

ಪಾಸ್ ವ್ಯವಸ್ಥೆ ಮತ್ತು ವಾಹನ ಜಪ್ತಿ

ಅಗತ್ಯ ಸೇವೆಗಳಲ್ಲಿದ್ದವರಿಗೆ ಪೊಲೀಸರು ಮೊದಲು ಕಾಗದದ ಪಾಸ್‌ಗಳನ್ನು, ಅನಂತರ ಕೆಎಸ್‌ಪಿ ಕ್ಲಿಯರ್ ಪಾಸ್ ಎಂಬ ವಿದ್ಯುನ್ಮಾನ ಪಾಸ್‌ಗಳನ್ನು ನೀಡಿದರು. ಏಪ್ರಿಲ್ 14ರವರೆಗೆ ಸಾರ್ವಜನಿಕರು ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಬಳಸುವಂತಿಲ್ಲ, ಬಳಸಿದರೆ ಜಪ್ತಿ ಮಾಡಲಾಗುವುದು ಎಂದು ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಪ್ರಕಟಿಸಿದರು. ನಗರದಲ್ಲಿ ಹತ್ತಾರು ಸಾವಿರ ವಾಹನಗಳು ಜಪ್ತಿಯಾಗಿ, ಠಾಣೆಗಳ ಆವರಣ ಸಾಲದೆ ಮೈದಾನಗಳಲ್ಲಿ ನಿಲ್ಲುವಂತಾಯಿತು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 500 ರೂಪಾಯಿ, ನಾಲ್ಕು ಚಕ್ರದ ವಾಹನಗಳಿಗೆ 1,000 ರೂಪಾಯಿ ಪಡೆದು ಅವುಗಳನ್ನು ಬಿಡುಗಡೆ ಮಾಡಲು ಉಚ್ಚ ನ್ಯಾಯಾಲಯ ಅನುಮತಿ ನೀಡಿತು. ಮೇ ತಿಂಗಳ ಆರಂಭದಿಂದ ವಾಹನಗಳು ಮಾಲೀಕರ ಕೈಸೇರಿದವು.

ಗೃಹ ಪ್ರತ್ಯೇಕವಾಸದ ನಿಗಾ

ವಿದೇಶಗಳಿಂದ ಬಂದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಒತ್ತಲಾಯಿತು. ಮನೆಯ ಬಾಗಿಲಿಗೆ ಸೂಚನಾ ಪತ್ರ ಅಂಟಿಸಲಾಯಿತು. ಮಾರ್ಚ್ 30ರ ಆದೇಶದಂತೆ ಪ್ರತ್ಯೇಕವಾಸದಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10 ಗಂಟೆಯವರೆಗೆ, ಪ್ರತಿ ಗಂಟೆಗೊಮ್ಮೆ, ಸ್ಥಳದ ಮಾಹಿತಿ ಸಹಿತ ತಮ್ಮ ಸೆಲ್ಫಿಯನ್ನು ಕ್ವಾರಂಟೈನ್ ವಾಚ್ ಆ್ಯಪ್‌ನಲ್ಲಿ ಕಳುಹಿಸಬೇಕಿತ್ತು. ತಪ್ಪಿದವರನ್ನು ಸರ್ಕಾರಿ ಕೇಂದ್ರಗಳಿಗೆ ಸಾಗಿಸುವುದಾಗಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಕೆ. ಸುಧಾಕರ್ ಎಚ್ಚರಿಸಿದ್ದರು. ಪ್ರತ್ಯೇಕವಾಸಿಗಳ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿದ್ದು ಖಾಸಗಿತನದ ಚರ್ಚೆಗೆ ಕಾರಣವಾಯಿತು. ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಕೋವಿಡ್ ರೋಗಿಗಳ ಮನೆಗಳ ಮುಂದೆ ಭಿತ್ತಿಪತ್ರ ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯ ತಿಳಿಸಿತು.

ಸೀಲ್‌ಡೌನ್ ಮತ್ತು ಪಾದರಾಯನಪುರದ ಘಟನೆ

ಸೋಂಕು ಹೆಚ್ಚಿದ ಪಾದರಾಯನಪುರ ಮತ್ತು ಬಾಪೂಜಿನಗರ ವಾರ್ಡ್‌ಗಳನ್ನು ಏಪ್ರಿಲ್ ಎರಡನೇ ವಾರದಲ್ಲಿ ಸಂಪೂರ್ಣ ಮುಚ್ಚಲಾಯಿತು. ಏಪ್ರಿಲ್ 19ರ ರಾತ್ರಿ, ಸೋಂಕಿತರ ಸಂಪರ್ಕಕ್ಕೆ ಬಂದಿದ್ದವರನ್ನು ಪ್ರತ್ಯೇಕವಾಸ ಕೇಂದ್ರಗಳಿಗೆ ಕರೆದೊಯ್ಯಲು ಪಾದರಾಯನಪುರಕ್ಕೆ ತೆರಳಿದ ಸಿಬ್ಬಂದಿಯನ್ನು ಗುಂಪೊಂದು ತಡೆದು, ಬ್ಯಾರಿಕೇಡ್‌ಗಳನ್ನು ಕಿತ್ತೊಗೆಯಿತು. ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಲಾಯಿತು. ಮೂರು ದಿನಗಳಲ್ಲಿ ಹೊರಬಿದ್ದ ಸುಗ್ರೀವಾಜ್ಞೆಗೆ ಈ ಘಟನೆಯೇ ಹತ್ತಿರದ ಕಾರಣ.

ಬಂಧಿತರನ್ನು ರಾಮನಗರ ಕಾರಾಗೃಹಕ್ಕೆ ಕಳುಹಿಸಲಾಯಿತು. ಅವರಲ್ಲಿ ಕೆಲವರಿಗೆ ಸೋಂಕು ದೃಢಪಟ್ಟಾಗ, ಅದುವರೆಗೆ ಸೋಂಕುಮುಕ್ತವಾಗಿದ್ದ ಜಿಲ್ಲೆಗೆ ರೋಗವನ್ನು ಸಾಗಿಸಿದಂತಾಯಿತೆಂಬ ಟೀಕೆ ಎದ್ದಿತು. ಬಳಿಕ ಬಂಧಿತರನ್ನು ಬೆಂಗಳೂರಿನ ಹಜ್ ಭವನಕ್ಕೆ ವರ್ಗಾಯಿಸಲಾಯಿತು. ಸೋಂಕು ತಡೆಯ ನಿಯಮ ಮುರಿದವರನ್ನು ಸೆರೆಮನೆಯಲ್ಲಿ ಒಟ್ಟಾಗಿ ಇರಿಸುವುದರಿಂದಲೇ ಸೋಂಕು ಹರಡಬಹುದೆಂಬ ಪ್ರಶ್ನೆಯನ್ನು ಈ ಪ್ರಕರಣ ಮುನ್ನೆಲೆಗೆ ತಂದಿತು.

ವಲಸೆ ಕಾರ್ಮಿಕರು

ಬೆಂಗಳೂರಿನ ಕಟ್ಟಡ ಕಾಮಗಾರಿಗಳು ಉತ್ತರ ಭಾರತದ ರಾಜ್ಯಗಳಿಂದ ಹಾಗೂ ರಾಯಚೂರು, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ, ಅಂದಿನ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ, ಹರಪನಹಳ್ಳಿಯಂತಹ ಮಳೆಯಾಶ್ರಿತ ತಾಲ್ಲೂಕುಗಳಿಂದ ಗುಳೆ ಬಂದವರನ್ನು ನೆಚ್ಚಿಕೊಂಡಿವೆ. ಕೆಲಸ ನಿಂತ ದಿನವೇ ಕೂಲಿಯೂ ನಿಂತು, ಕಾಮಗಾರಿಯ ಸ್ಥಳದ ಶೆಡ್‌ಗಳಲ್ಲಿ ವಾಸವಿದ್ದವರಿಗೆ ಮನೆಯಲ್ಲೇ ಇರಿ ಎಂಬ ಸೂಚನೆಯ ಪಾಲನೆ ಕಷ್ಟಸಾಧ್ಯವಾಯಿತು. ಬಸ್ಸು, ರೈಲುಗಳಿಲ್ಲದ ಕಾರಣ ಹಲವರು ಕಾಲ್ನಡಿಗೆಯಲ್ಲೇ ಊರಿಗೆ ಹೊರಟರು. ಬೆಂಗಳೂರಿನಿಂದ ಸಿಂಧನೂರಿನತ್ತ ನಡೆದು ಹೊರಟಿದ್ದ ಕಾರ್ಮಿಕ ಮಹಿಳೆಯೊಬ್ಬರು ಏಪ್ರಿಲ್ ಮೊದಲ ವಾರದಲ್ಲಿ ಬಳ್ಳಾರಿಯಲ್ಲಿ ಮೃತಪಟ್ಟರು.

ಊರು ತಲುಪಿದವರಿಗೆ ಅಲ್ಲಿಯೂ ತಡೆ ಇತ್ತು. ರಾಜ್ಯದ ಅನೇಕ ಹಳ್ಳಿಗಳಲ್ಲಿ ಗ್ರಾಮಸ್ಥರೇ ರಸ್ತೆಗೆ ಮುಳ್ಳುಕಂಟಿ, ಮರದ ದಿಮ್ಮಿಗಳನ್ನು ಅಡ್ಡಹಾಕಿ ಹೊರಗಿನವರ ಪ್ರವೇಶವನ್ನು ತಡೆದಿದ್ದರು. ನಗರದಲ್ಲಿ ಪೊಲೀಸರು ಜಾರಿಗೊಳಿಸಿದ್ದನ್ನು ಹಳ್ಳಿಗಳಲ್ಲಿ ಭಯವೇ ಜಾರಿಗೊಳಿಸಿತ್ತು.

ಮೇ ಮೊದಲ ವಾರದಲ್ಲಿ ಊರಿಗೆ ಮರಳುವ ಕಾರ್ಮಿಕರಿಗೆ ಕೆಎಸ್‌ಆರ್‌ಟಿಸಿ ಬಸ್‌ಗಳನ್ನು ಬಿಡಲಾಯಿತು. ಆರಂಭದಲ್ಲಿ ಹೆಚ್ಚಿನ ದರ ಪಡೆದುದಕ್ಕೆ ತೀವ್ರ ಆಕ್ಷೇಪ ವ್ಯಕ್ತವಾದ ಮೇಲೆ ಪ್ರಯಾಣವನ್ನು ಉಚಿತಗೊಳಿಸಲಾಯಿತು. ಹೊರರಾಜ್ಯದ ಕಾರ್ಮಿಕರಿಗಾಗಿ ಮೇ 6ರಿಂದ ಓಡಬೇಕಿದ್ದ ರೈಲುಗಳನ್ನು, ಕಟ್ಟಡ ನಿರ್ಮಾಣಗಾರರೊಂದಿಗೆ ಮುಖ್ಯಮಂತ್ರಿಗಳ ಸಭೆ ನಡೆದ ಬಳಿಕ ಸರ್ಕಾರ ರದ್ದುಪಡಿಸಿತು. ತೀವ್ರ ಟೀಕೆಯ ನಂತರ ಎರಡೇ ದಿನಗಳಲ್ಲಿ ಈ ನಿರ್ಧಾರವನ್ನು ಹಿಂಪಡೆಯಲಾಯಿತು. ಪ್ರಯಾಣದರ ಕೊಡಲು ಶಕ್ತಿಯಿಲ್ಲವೆಂಬ ಕಾರಣಕ್ಕೆ ಕಾರ್ಮಿಕರು ಊರಿಗೆ ಮರಳುವ ಅವಕಾಶದಿಂದ ವಂಚಿತರಾಗಬಾರದು ಎಂದು ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ನೇತೃತ್ವದ ಉಚ್ಚ ನ್ಯಾಯಾಲಯದ ಪೀಠ ಅಭಿಪ್ರಾಯಪಟ್ಟಿತು.

ಪರಿಹಾರ ಕ್ರಮಗಳು

ಏಪ್ರಿಲ್‌ನಲ್ಲಿ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ವಿತರಿಸಲಾಯಿತು. ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರವೇ ಖರೀದಿಸಿ ಕೊಳೆಗೇರಿ ನಿವಾಸಿಗಳಿಗೆ ಉಚಿತವಾಗಿ ಹಂಚಿತು. ಹಾಪ್‌ಕಾಮ್ಸ್ ಸಂಚಾರಿ ವಾಹನಗಳು ಬಡಾವಣೆಗಳಿಗೆ ತರಕಾರಿ ತಲುಪಿಸಿದವು. ಜನದಟ್ಟಣೆ ತಪ್ಪಿಸಲು ಕಲಾಸಿಪಾಳ್ಯದ ತರಕಾರಿ ಸಗಟು ವ್ಯಾಪಾರವನ್ನು ಸಿಂಗೇನ ಅಗ್ರಹಾರಕ್ಕೆ ಸ್ಥಳಾಂತರಿಸಲಾಯಿತು.

2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರ ಪ್ಯಾಕೇಜ್ ಪ್ರಕಟವಾಯಿತು. ಆಟೋ ಮತ್ತು ಟ್ಯಾಕ್ಸಿ ಚಾಲಕರು, ಕ್ಷೌರಿಕರು ಹಾಗೂ ಮಡಿವಾಳರಿಗೆ ಒಂದು ಬಾರಿಗೆ 5,000 ರೂಪಾಯಿಗಳನ್ನು ಇದರಲ್ಲಿ ಘೋಷಿಸಲಾಗಿತ್ತು. ಲಾಕ್‌ಡೌನ್ ಆರಂಭವಾಗಿ ಆರು ವಾರಗಳು ಕಳೆದ ಮೇಲೆ ಈ ಘೋಷಣೆ ಬಂದಿತ್ತು. 2021ರ ಮೇ 19ರಂದು ಪ್ರಕಟವಾದ 1,250 ಕೋಟಿ ರೂಪಾಯಿಗಳ ಪ್ಯಾಕೇಜ್‌ನಲ್ಲಿ ಚಾಲಕರು ಮತ್ತು ಕಟ್ಟಡ ಕಾರ್ಮಿಕರಿಗೆ 3,000 ರೂಪಾಯಿ, ಬೀದಿಬದಿ ವ್ಯಾಪಾರಿಗಳಿಗೆ 2,000 ರೂಪಾಯಿ ನಿಗದಿಯಾಯಿತು.

ಮುಖಗವಸು ದಂಡ

2020ರ ಮೇ ಆರಂಭದಲ್ಲಿ ಬಿಬಿಎಂಪಿಯು ಸಾರ್ವಜನಿಕ ಸ್ಥಳಗಳಲ್ಲಿ ಮುಖಗವಸು ಧರಿಸದವರಿಗೆ ಮೊದಲ ಬಾರಿಗೆ 1,000 ರೂಪಾಯಿ, ಪುನರಾವರ್ತನೆಗೆ 2,000 ರೂಪಾಯಿ ದಂಡ ಗೊತ್ತುಪಡಿಸಿತು. ಕೆಲವೇ ದಿನಗಳಲ್ಲಿ ಇದನ್ನು 200 ರೂಪಾಯಿಗೆ ಇಳಿಸಲಾಯಿತು. ಅಕ್ಟೋಬರ್‌ನಲ್ಲಿ ಸರ್ಕಾರವು ನಗರ ಪ್ರದೇಶಗಳಲ್ಲಿ 1,000 ರೂಪಾಯಿ, ಗ್ರಾಮೀಣ ಪ್ರದೇಶಗಳಲ್ಲಿ 500 ರೂಪಾಯಿಗೆ ದಂಡವನ್ನು ಏರಿಸಿತು. ಸಾರ್ವಜನಿಕ ವಿರೋಧದ ಹಿನ್ನೆಲೆಯಲ್ಲಿ ಒಂದು ವಾರದೊಳಗೆ ಅದು ಕ್ರಮವಾಗಿ 250 ಮತ್ತು 100 ರೂಪಾಯಿಗೆ ಇಳಿಯಿತು.

ದಂಡ ವಸೂಲಿಯ ಕೆಲಸ ಪೊಲೀಸರ ಜತೆಗೆ ಬಿಬಿಎಂಪಿ ಮಾರ್ಷಲ್‌ಗಳದ್ದಾಗಿತ್ತು. ಕಸ ವಿಲೇವಾರಿಯ ಮೇಲ್ವಿಚಾರಣೆಗೆಂದು ನೇಮಕಗೊಂಡಿದ್ದ ಇವರಲ್ಲಿ ಹೆಚ್ಚಿನವರು ನಿವೃತ್ತ ಸೈನಿಕರು. ಮಾರುಕಟ್ಟೆ ಮತ್ತು ಸಿಗ್ನಲ್‌ಗಳಲ್ಲಿ ಇವರಿಗೂ ಸಾರ್ವಜನಿಕರಿಗೂ ವಾಗ್ವಾದಗಳು ನಡೆಯುತ್ತಿದ್ದವು.

ನಂತರದ ಹಂತಗಳು

2020ರ ಜೂನ್‌ವರೆಗೆ ಇತರ ಮಹಾನಗರಗಳಿಗೆ ಹೋಲಿಸಿದರೆ ಬೆಂಗಳೂರಿನಲ್ಲಿ ಪ್ರಕರಣಗಳು ಕಡಿಮೆ ಇದ್ದವು. ಜುಲೈನಲ್ಲಿ ಏರಿಕೆ ಕಂಡಾಗ ಜುಲೈ 14ರಿಂದ 22ರವರೆಗೆ ನಗರಕ್ಕೆ ಮತ್ತೆ ಲಾಕ್‌ಡೌನ್ ವಿಧಿಸಲಾಯಿತು. ಜಾರಿಗೆ ಮುನ್ನ ಸಾವಿರಾರು ಜನ ನಗರ ಬಿಟ್ಟು ಊರುಗಳಿಗೆ ತೆರಳಿದರು.

ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 27ರ ರಾತ್ರಿಯಿಂದ 14 ದಿನಗಳ ಜನತಾ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿಯಾದ ಲಾಕ್‌ಡೌನ್ ಜಾರಿಯಾದವು. ಈ ಬಾರಿಯೂ ಘೋಷಣೆಯ ಬೆನ್ನಲ್ಲೇ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ಊರಿಗೆ ಹೊರಟವರ ದಟ್ಟಣೆ ಉಂಟಾಯಿತು. ಬೆಳಿಗ್ಗೆ 6ರಿಂದ 10 ಗಂಟೆಯವರೆಗೆ ಅಗತ್ಯ ವಸ್ತುಗಳ ಖರೀದಿಗೆ ಅವಕಾಶವಿತ್ತಾದರೂ ಅದಕ್ಕೆ ವಾಹನ ಬಳಸುವಂತಿಲ್ಲ ಎಂಬ ನಿಯಮ ಗೊಂದಲ ಹುಟ್ಟಿಸಿತು. ಮೊದಲ ದಿನವೇ ಲಾಠಿ ಪ್ರಯೋಗದ ದೃಶ್ಯಗಳು ಪ್ರಸಾರವಾಗಿ, ಸಮೀಪದ ಅಂಗಡಿಗೆ ವಾಹನದಲ್ಲಿ ಹೋಗಬಹುದೆಂದು ಸ್ಪಷ್ಟೀಕರಣ ನೀಡಬೇಕಾಯಿತು. ಪೊಲೀಸ್ ಬಲಪ್ರಯೋಗದ ವಿಷಯ ಉಚ್ಚ ನ್ಯಾಯಾಲಯದ ಮುಂದೆಯೂ ಬಂತು. ಜೂನ್ 14ರಿಂದ ನಗರದಲ್ಲಿ ನಿರ್ಬಂಧಗಳು ಸಡಿಲಗೊಂಡವು. ಓಮೈಕ್ರಾನ್ ತಳಿಯ ಕಾರಣ 2021ರ ಡಿಸೆಂಬರ್ 28ರಿಂದ ಮರಳಿ ಬಂದ ರಾತ್ರಿ ಕರ್ಫ್ಯೂ 2022ರ ಜನವರಿ 31ರಂದು ಕೊನೆಗೊಂಡಿತು.

ಸಮಾನ ಜಾರಿಯ ಪ್ರಶ್ನೆ

ನಿಯಮಗಳು ಎಲ್ಲರಿಗೂ ಒಂದೇ ರೀತಿ ಅನ್ವಯವಾದವೇ ಎಂಬ ಪ್ರಶ್ನೆ ಉದ್ದಕ್ಕೂ ಕೇಳಿಬಂತು. 2020ರ ಏಪ್ರಿಲ್ 17ರಂದು ಬಿಡದಿಯ ತೋಟದ ಮನೆಯಲ್ಲಿ ನಡೆದ ಮಾಜಿ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿ ಅವರ ಪುತ್ರನ ವಿವಾಹದ ಬಗ್ಗೆ ಉಚ್ಚ ನ್ಯಾಯಾಲಯ ಸರ್ಕಾರದಿಂದ ವಿವರಣೆ ಕೇಳಿತು. ವಿವಾಹಕ್ಕೆ ಅನುಮತಿ ಪಡೆಯಲಾಗಿತ್ತು ಎಂದು ಕುಟುಂಬ ಹೇಳಿತ್ತು. 2021ರ ಜನವರಿ 17ರಂದು ಬೆಳಗಾವಿಯಲ್ಲಿ ನಡೆದ ಬಿಜೆಪಿ ಸಮಾವೇಶದಲ್ಲಿನ ನಿಯಮ ಉಲ್ಲಂಘನೆಯ ಮೇಲೆ ಕ್ರಮ ಜರುಗಿಸದಿದ್ದುದನ್ನು ಅದೇ ನ್ಯಾಯಾಲಯ ಪ್ರಶ್ನಿಸಿತು. ವಾರಾಂತ್ಯ ಕರ್ಫ್ಯೂ ಇದ್ದಾಗಲೇ 2022ರ ಜನವರಿ 9ರಂದು ಕಾಂಗ್ರೆಸ್ ಆರಂಭಿಸಿದ ಮೇಕೆದಾಟು ಪಾದಯಾತ್ರೆಯ ಮುಖಂಡರ ಮೇಲೆ ಪ್ರಕರಣಗಳು ದಾಖಲಾದವು. ನ್ಯಾಯಾಲಯದ ಪ್ರಶ್ನೆಯ ಬಳಿಕ ಜನವರಿ 13ರಂದು ರಾಮನಗರದಲ್ಲಿ ಪಾದಯಾತ್ರೆಯನ್ನು ಸ್ಥಗಿತಗೊಳಿಸಲಾಯಿತು.

ಪಾಲನೆಯ ಸ್ವರೂಪ

ನಗರದಲ್ಲಿ ಪಾಲನೆಯು ಬಡಾವಣೆಯಿಂದ ಬಡಾವಣೆಗೆ ಭಿನ್ನವಾಗಿತ್ತು. ಮನೆಯಿಂದಲೇ ದುಡಿಯಬಲ್ಲ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳು ಹೆಚ್ಚಾಗಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ನಿವಾಸಿಗಳ ಸಂಘಗಳು ಸರ್ಕಾರದ ನಿಯಮಗಳಿಗಿಂತಲೂ ಬಿಗಿಯಾದ ಕಟ್ಟಳೆಗಳನ್ನು ವಿಧಿಸಿ, ಮನೆಗೆಲಸದವರ ಪ್ರವೇಶವನ್ನು ನಿಷೇಧಿಸಿದ್ದವು. ಒಂದೇ ಕೋಣೆಯ ಮನೆಗಳು, ಹಂಚಿಕೊಂಡ ನಲ್ಲಿ ಮತ್ತು ಶೌಚಾಲಯಗಳಿರುವ ವಠಾರ, ಕೊಳೆಗೇರಿಗಳಲ್ಲಿ ಅಂತರ ಕಾಯುವುದು ಬಯಸಿದರೂ ಸಾಧ್ಯವಿರಲಿಲ್ಲ. ಅದೇ ಆದೇಶವು ಒಂದು ಕಡೆ ಅನನುಕೂಲವಷ್ಟೇ ಆಗಿದ್ದರೆ ಮತ್ತೊಂದು ಕಡೆ ಅಂದಿನ ಅನ್ನದ ಪ್ರಶ್ನೆಯಾಗಿತ್ತು.

ನಿಯಮಗಳು ಮತ್ತೆಮತ್ತೆ ಬದಲಾದದ್ದೂ ಪಾಲನೆಯನ್ನು ಕಠಿಣಗೊಳಿಸಿತು. ಮುಖಗವಸಿನ ದಂಡ, ಕಾರ್ಮಿಕರ ರೈಲುಗಳು ಮತ್ತು ವಾಹನ ಬಳಕೆಯ ವಿಷಯಗಳಲ್ಲಿ ಆದೇಶ ಹೊರಬಿದ್ದ ಕೆಲವೇ ದಿನಗಳಲ್ಲಿ ಅದನ್ನು ತಿದ್ದಲಾಗಿತ್ತು. ಈ ತಿದ್ದುಪಡಿಗಳಿಂದ ಜನರ ಹೊರೆ ಇಳಿದರೂ, ಯಾವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಬೀದಿಯಲ್ಲಿ ನಿಂತ ಪೇದೆಯೂ ಹಾಲಿಗೆ ಹೊರಟ ನಾಗರಿಕನೂ ಪ್ರತಿಬಾರಿ ಹೊಸದಾಗಿ ತಿಳಿದುಕೊಳ್ಳಬೇಕಾಗುತ್ತಿತ್ತು.